ಲಂಡನ್ನಿನಲ್ಲಿ ದಿವಾಳಿ, ಬ್ರೈಟನ್ನಿನಲ್ಲಿ ರಾಜರ ಮಾಲೀಶಿನವ: ಶೇಖ್ ದೀನ್ ಮಹಮ್ಮದನ ಅಂಗಡಿಗಳು

ಶಾಂಪೂ ಕಂಡುಹಿಡಿದದ್ದು ಒಬ್ಬ ಬಿಹಾರಿ ಅನ್ನೋ ಫಾರ್ವರ್ಡ್ ವರ್ಷಕ್ಕೊಂದು ಸಲ ಆದ್ರೂ ನನ್ನ ಫೋನಿಗೆ ಬರುತ್ತೆ. 2019ರ ಜನವರಿ 15ರಂದು ಗೂಗಲ್ ಈತನ ಚಿತ್ರ ಹಾಕಿದ ಮೇಲಂತೂ ಈ ಫಾರ್ವರ್ಡಿಗೆ ರೆಕ್ಕೆ ಬಂತು. ಕಳಿಸುವವರಲ್ಲಿ ಎರಡು ಬಗೆ. ನೋಡಿ ನಮ್ಮವನು ಬಿಳಿಯರಿಗೆ ಸ್ನಾನ ಕಲಿಸಿದ ಅಂತ ಎದೆ ತಟ್ಟಿಕೊಳ್ಳುವವರು ಒಂದು ಬಗೆ. ಹೆಸರು ನೋಡಿದ ತಕ್ಷಣ ಮುಖ ಗಂಟಿಕ್ಕಿ, ಶಾಂಪೂ ನಮ್ಮ ಆಯುರ್ವೇದದಲ್ಲೇ ಇತ್ತು ಅನ್ನುವವರು ಇನ್ನೊಂದು ಬಗೆ. ಇಬ್ಬರಿಗೂ ಗೊತ್ತಿಲ್ಲದ ವಿಷಯ ಏನಪ್ಪಾ ಅಂದ್ರೆ, ಶೇಖ್ ದೀನ್ ಮಹಮ್ಮದ್ ಯಾರ ತಲೆಯನ್ನೂ ತೊಳೆಯಲಿಲ್ಲ. ಆತ ಮಾಡಿದ್ದು ಮಾಲೀಶು. ಹಿಂದಿಯ ಚಾಂಪ್ನಾ, ಅಂದ್ರೆ ಒತ್ತು, ಹಿಸುಕು. ನಾವು ಚಂಪಿ ಅಂತೀವಲ್ಲ, ಅದೇ. ಆ ಪದ ಈತನಿಗಿಂತ ಮೊದಲೇ ಇಂಗ್ಲಿಷಿಗೆ ಹೋಗಿತ್ತು. ಕೂದಲು ತೊಳೆಯೋದು ಅನ್ನುವ ಅರ್ಥ ಅದಕ್ಕೆ ಅಂಟಿದ್ದು ಈತ ಸತ್ತ ಮೇಲೆ.

ನನಗೆ ಶಾಂಪೂ ಕತೆಗಿಂತ ಈತನ ಅಂಗಡಿಗಳ ಕತೆಯಲ್ಲಿ ಆಸಕ್ತಿ. ಯುರೋಪಿಗೆ ಹೋಗಿ ಸ್ವಂತ ಬಿಸಿನೆಸ್ ಮಾಡ್ತೀನಿ ಅಂತ ಹೊರಡುವ ಹುಡುಗ ಹುಡುಗಿಯರು ಈಗ ನಮ್ಮಲ್ಲೂ ಇದ್ದಾರೆ. ವೀಸಾ, ಬಂಡವಾಳ, ಬ್ಯಾಂಕ್ ಖಾತೆ, ಬಾಡಿಗೆ ಮಳಿಗೆ, ಭಾಷೆ ಅಂತ ಅವರ ತಲೆನೋವುಗಳ ಪಟ್ಟಿ ಉದ್ದ ಇದೆ. ಇನ್ನೂರು ವರ್ಷದ ಹಿಂದೆ ಇದನ್ನೆಲ್ಲ ಮಾಡಿ, ಒಮ್ಮೆ ನೆಲಕಚ್ಚಿ, ಅರವತ್ತು ದಾಟಿದ ಮೇಲೆ ಗೆದ್ದು, ಕೊನೆಗೆ ಮತ್ತೆ ಕಳ್ಕೊಂಡವನು ಈ ದೀನ್. ಆದರೆ ಆತನನ್ನ ಹೀರೋ ಮಾಡೋಕೆ ಹೊರಟರೆ ಮೊದಲ ಪುಟದಲ್ಲೇ ಕಾಲು ತಡೆಯುತ್ತದೆ. ಯಾಕಂದ್ರೆ ಆತ ಕಂಪನಿಯ ಅನ್ನ ತಿಂದು ಬೆಳೆದವನು.

ಕಂಪನಿಯ ಹುಡುಗ

ಹುಟ್ಟಿದ್ದು 1759ರಲ್ಲಿ, ಪಾಟ್ನಾದಲ್ಲಿ. ಪ್ಲಾಸಿ ಕದನ ಮುಗಿದು ಎರಡು ವರ್ಷ. ಬಂಗಾಳದ ನವಾಬರ ವಂಶಕ್ಕೆ ನಾವು ಸಂಬಂಧಿಕರು ಅಂತ ಆತ ಮುಂದೆ ಬರೆದುಕೊಂಡ. ಆದರೆ ಅಪ್ಪ ದುಡೀತಿದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲಿ. ನವಾಬರ ಆಡಳಿತ ಕುಸಿಯುತ್ತಿದ್ದಾಗ ಇಂಥ ಎಷ್ಟೋ ಮನೆತನಗಳು ಹೊಸ ಧಣಿಯ ಬಾಗಿಲಿಗೆ ಹೋದವು.

ಅಪ್ಪ ಸತ್ತದ್ದು ಹೇಗೆ ಅನ್ನೋದನ್ನ ಮಾತ್ರ ಇಲ್ಲಿ ನಿಂತು ನೋಡಬೇಕು. 1769. ಬಿಹಾರ ಬಂಗಾಳದಲ್ಲಿ ಮಳೆ ಕೈಕೊಟ್ಟು ಮಹಾ ಕ್ಷಾಮ ಶುರುವಾಗುತ್ತಿತ್ತು. ಲಕ್ಷಲಕ್ಷ ಜನ ಸಾಯಲಿದ್ದ ಕ್ಷಾಮ ಅದು. ಅಷ್ಟಾದರೂ ಕಂದಾಯ ನಿಲ್ಲಲಿಲ್ಲ. ಬಾಕಿ ಉಳಿಸಿಕೊಂಡ ಸ್ಥಳೀಯ ರಾಜರಿಂದ ವಸೂಲಿ ಮಾಡಲು ಹೋದ ತುಕಡಿಯಲ್ಲಿ ದೀನನ ಅಪ್ಪ ಇದ್ದ. ಆ ಕಾದಾಟದಲ್ಲೇ ಸತ್ತ. ಅಂದರೆ ಕ್ಷಾಮದ ವರ್ಷದಲ್ಲಿ ಕಂದಾಯ ಕೀಳಲು ಹೋಗಿ ಪ್ರಾಣ ಬಿಟ್ಟ ಸಿಪಾಯಿಯ ಮಗ ಈತ. ಹತ್ತು ಹನ್ನೊಂದು ವರ್ಷದ ಹುಡುಗನಿಗೆ ಇದರ ರಾಜಕೀಯ ಅರ್ಥ ಆಗಿರಲಿಕ್ಕಿಲ್ಲ. ಆತನಿಗೆ ಕಂಡದ್ದು ಪಾಟ್ನಾದಲ್ಲಿ ಓಡಾಡುತ್ತಿದ್ದ ಕೆಂಪು ಕೋಟಿನ ಅಧಿಕಾರಿಗಳು, ಅವರ ಡೇರೆ, ಅವರ ಟೆನ್ನಿಸ್ ಆಟ. ಅಮ್ಮನನ್ನ ಬಿಟ್ಟು ಅವರ ಹಿಂದೆ ಹೋದ.

ಆತನನ್ನ ಜೊತೆಗಿಟ್ಟುಕೊಂಡದ್ದು ಗಾಡ್‌ಫ್ರೇ ಇವಾನ್ ಬೇಕರ್ ಅನ್ನೋ ಎಳೆಯ ಅಧಿಕಾರಿ. ಐರ್ಲೆಂಡಿನ ಕಾರ್ಕ್ ಊರಿನ ಪ್ರಾಟೆಸ್ಟೆಂಟ್ ಮನೆತನದವನು. ಮುಂದಿನ ಹದಿಮೂರು ಹದಿನಾಲ್ಕು ವರ್ಷ ದೀನ್ ಬೇಕರನ ನೆರಳಾಗಿ ಗಂಗಾ ಬಯಲನ್ನೆಲ್ಲ ಸುತ್ತಿದ. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ಬನಾರಸಿನ ರಾಜ ಚೇತ್ ಸಿಂಗನಿಂದ ಹಣ ಕಿತ್ತುಕೊಳ್ಳಲು ಹೋಗಿ ದಂಗೆ ಎದ್ದಾಗ, ಅದನ್ನ ಬಗ್ಗುಬಡಿದ ಸೈನ್ಯದಲ್ಲಿ ಈತನೂ ಇದ್ದ. ಜಮಾದಾರನಾದ, ಸುಬೇದಾರನಾದ. ಅದಕ್ಕೂ ಮುಂಚೆ ಸೇನೆಯ ಬಜಾರಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ನಡೆಯುತ್ತಲೇ ಇರುವ ಸೈನ್ಯದ ಹಿಂದೆ ಒಂದು ಸಂತೆಯೂ ನಡೀತಾ ಇರುತ್ತೆ. ಅಕ್ಕಿ, ತುಪ್ಪ, ಮಾಂಸ, ಹುಲ್ಲು, ಬೆಲೆ, ಸಾಲ ಎಲ್ಲದರ ಮೇಲೆ ಕಣ್ಣಿಡಬೇಕು. ವ್ಯಾಪಾರದ ಮೊದಲ ಪಾಠ ಆತನಿಗೆ ಅಲ್ಲೇ ಆಗಿರಬೇಕು.

ಹಳ್ಳಿಯವರಿಂದ ಹಣ ಸುಲಿದ ಆರೋಪ ಬೇಕರನ ಮೇಲೆ ಬಂತು. ಆತ ಕೆಲಸ ಬಿಟ್ಟ. ಜೊತೆಗೆ ದೀನ್ ಕೂಡ ಬಿಟ್ಟ. 1784ರಲ್ಲಿ ಇಬ್ಬರೂ ಒಂದು ಡೇನಿಶ್ ಹಡಗು ಹತ್ತಿ ಮದ್ರಾಸು, ಸೇಂಟ್ ಹೆಲೆನಾ ದಾಟಿ ಇಂಗ್ಲೆಂಡಿನ ಡಾರ್ಟ್‌ಮತ್ ಬಂದರಿಗೆ, ಅಲ್ಲಿಂದ ಕಾರ್ಕಿಗೆ ಬಂದರು. ದೀನನಿಗೆ 25 ವರ್ಷ. ಮತ್ತೆ ಆತ ಹಿಂದೂಸ್ತಾನವನ್ನ ನೋಡಲೇ ಇಲ್ಲ.

ಕಾರ್ಕಿನಲ್ಲಿ ಪುಸ್ತಕ ಮಾರಿದ್ದು

ಕಾರ್ಕ್ ಆಗ ದೊಡ್ಡ ಬಂದರು. ಉಪ್ಪು ಹಾಕಿದ ದನದ ಮಾಂಸ, ಬೆಣ್ಣೆ ಇಲ್ಲಿಂದಲೇ ಬ್ರಿಟನ್ನಿನ ಹಡಗುಗಳಿಗೂ ವಸಾಹತುಗಳಿಗೂ ಹೋಗ್ತಿತ್ತು. ಐರ್ಲೆಂಡ್ ತಾನೇ ಒಂದು ವಸಾಹತು. ಬಹುಸಂಖ್ಯಾತ ಕ್ಯಾಥಲಿಕರಿಗೆ ಆಸ್ತಿ, ಓಟು, ಹುದ್ದೆಗಳ ಮೇಲೆ ತಲೆಮಾರುಗಳಿಂದ ನಿರ್ಬಂಧ. ಮೇಲೆ ಕೂತಿದ್ದವರು ಬೇಕರನಂಥ ಪ್ರಾಟೆಸ್ಟೆಂಟರು. ಒಂದು ವಸಾಹತಿನ ಹುಡುಗ ಇನ್ನೊಂದು ವಸಾಹತಿಗೆ ಬಂದು, ಆಳುವವರ ಮನೆಯ ಒಳಬಾಗಿಲಿನಿಂದ ಒಳಗೆ ಹೋದ. ಇದು ಆತನ ಅದೃಷ್ಟವೂ ಹೌದು, ಮಿತಿಯೂ ಹೌದು.

1786ರಲ್ಲಿ ಬೇಕರ್ ತೀರಿಕೊಂಡ. ಅದೇ ವರ್ಷ ದೀನ್, ಜೇನ್ ಡೇಲಿ ಎಂಬ ಐರಿಶ್ ಹುಡುಗಿಯ ಜೊತೆ ಓಡಿಹೋಗಿ ಮದುವೆಯಾದ. ಆಂಗ್ಲಿಕನ್ ಮತಕ್ಕೆ ಸೇರಿದ. ಪ್ರೀತಿಗಾಗಿಯೋ, ಅನುಕೂಲಕ್ಕಾಗಿಯೋ, ನಂಬಿಕೆಯಿಂದಲೋ ಅಂತ ಕೇಳುವ ಚಟ ನಮಗಿದೆ. ಆತ ಅದನ್ನ ಎಲ್ಲೂ ವಿವರಿಸಲಿಲ್ಲ, ನಾನು ಊಹಿಸುವುದಿಲ್ಲ. ಗಮನಿಸಬೇಕಾದ ಸಂಗತಿ ಬೇರೆ ಇದೆ. ಮತ ಬದಲಾದರೂ ಹೆಸರು ಬದಲಾಗಲಿಲ್ಲ. ಜಾನ್ ಆಗಬಹುದಿತ್ತು, ಥಾಮಸ್ ಆಗಬಹುದಿತ್ತು. ಆತ ಕೊನೆಯವರೆಗೂ ಮಹಮ್ಮದನಾಗಿಯೇ ಉಳಿದ. ಈ ಹೆಸರಿನ ವಿಷಯಕ್ಕೆ ಮತ್ತೆ ಬರ್ತೀನಿ.

1794ರಲ್ಲಿ ಆತನ ಪುಸ್ತಕ ಬಂತು. ದಿ ಟ್ರಾವೆಲ್ಸ್ ಆಫ್ ದೀನ್ ಮಹೋಮೆಟ್. ಎರಡು ಸಂಪುಟ, 38 ಪತ್ರಗಳು. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ ಮೊದಲ ಪುಸ್ತಕ ಇದು. ಸಾಹಿತ್ಯದ ವಿದ್ಯಾರ್ಥಿಗಳು ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಇದನ್ನ ಒಂದು ಸ್ಟಾರ್ಟಪ್ ಅಂತ ನೋಡಿ. ಪ್ರಕಾಶಕರು ದುಡ್ಡು ಹಾಕಿರಲಿಲ್ಲ. ಊರಿನ ಗಣ್ಯರ ಮನೆಮನೆಗೆ ಹೋಗಿ ಮುಂಗಡ ಚಂದಾ ಎತ್ತಬೇಕಿತ್ತು. 320 ಜನ ಹೆಸರು ಬರೆಸಿದರು. ಅಧಿಕಾರಿಗಳು, ಪಾದ್ರಿಗಳು, ಜಮೀನ್ದಾರರು, ಹೆಂಗಸರು. ಇವತ್ತಿನ ಭಾಷೆಯಲ್ಲಿ ಕ್ರೌಡ್‌ಫಂಡಿಂಗ್. ಕೈಯಲ್ಲಿ ಬಂಡವಾಳ ಇಲ್ಲದ ಪರದೇಶಿ ತನ್ನ ಮೇಲಿನ ಕುತೂಹಲವನ್ನೇ ಬಂಡವಾಳ ಮಾಡಿಕೊಂಡಿದ್ದ.

ಇನ್ನೊಂದು ಮಾತು ಹೇಳಲೇಬೇಕು. ಪುಸ್ತಕದ ಕೆಲವು ಭಾಗ ಕದ್ದದ್ದು. ಈತನ ಬದುಕನ್ನ ದಾಖಲೆಗಳಿಂದ ಹೆಕ್ಕಿ ತೆಗೆದ ಇತಿಹಾಸಕಾರ ಮೈಕಲ್ ಫಿಶರ್ ಇದನ್ನ ತೋರಿಸಿದ್ದಾರೆ. ಆಗಿನ ಯುರೋಪಿಯನ್ ಪ್ರವಾಸಿಗರ ಪುಸ್ತಕಗಳಿಂದ ಎತ್ತಿದ ಭಾಗಗಳು ಅದರಲ್ಲಿವೆ. ತನ್ನದೇ ದೇಶವನ್ನ ವರ್ಣಿಸಲು ಬಿಳಿಯರ ಪುಸ್ತಕದಿಂದ ಸಾಲು ಎತ್ತಿದ್ದಾನೆ! ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಂಕಟ. ಹತ್ತು ವರ್ಷಕ್ಕೇ ಊರು ಬಿಟ್ಟು ಡೇರೆಯಲ್ಲಿ ಬೆಳೆದವನಿಗೆ ಹಿಂದೂಸ್ತಾನ ಎಷ್ಟು ಗೊತ್ತಿದ್ದೀತು? ಓದುಗರಿಗೆ ಬೇಕಾದ ಹಿಂದೂಸ್ತಾನ ಯಾವುದು ಅನ್ನೋದು ಮಾತ್ರ ಆತನಿಗೆ ಚೆನ್ನಾಗಿ ಗೊತ್ತಿತ್ತು. ವೀಳ್ಯದೆಲೆ, ಆನೆ, ನವಾಬರ ಮೆರವಣಿಗೆ, ಗಂಗೆ. ಕಂಪನಿಯ ಸುಲಿಗೆ ಬಗ್ಗೆ ಒಂದು ಗಟ್ಟಿ ಮಾತಿಲ್ಲ. ಚಂದಾದಾರರು ಯಾರು ಅಂತ ನೋಡಿದರೆ ಯಾಕಿಲ್ಲ ಅಂತ ಅರ್ಥ ಆಗುತ್ತೆ.

1799ರಲ್ಲಿ ಲಖನೌ ಕಡೆಯ ಮಿರ್ಜಾ ಅಬು ತಾಲಿಬ್ ಖಾನ್ ಯುರೋಪ್ ಪ್ರವಾಸದಲ್ಲಿ ಕಾರ್ಕಿಗೆ ಬಂದಿಳಿದಾಗ, ಅಲ್ಲಿ ಹೆಂಡತಿ ಮಕ್ಕಳೊಂದಿಗೆ ಸಂಸಾರ ಹೂಡಿದ್ದ ಈ ದೀನನನ್ನ ಕಂಡು ತನ್ನ ಪುಸ್ತಕದಲ್ಲಿ ಬರೆದ. ಪರದೇಶದ ಒಂದು ಮೂಲೆಯಲ್ಲಿ ಇಬ್ಬರು ಹಿಂದೂಸ್ತಾನಿಗಳು ಎದುರುಬದುರು. ಏನು ಮಾತಾಡಿಕೊಂಡರೋ.

ಹುಕ್ಕಾ, ಕರಿ, ಬೆತ್ತದ ಸೋಫಾ

1807ರ ಹೊತ್ತಿಗೆ ಸಂಸಾರ ಲಂಡನ್ನಿಗೆ ಬಂತು. ಆಗಿನ ಲಂಡನ್ನಿನಲ್ಲಿ ಹಿಂದೂಸ್ತಾನದವರು ಇರಲಿಲ್ಲ ಅಂದ್ಕೋಬೇಡಿ. ಹಡಗಿನಲ್ಲಿ ದುಡಿದು ಬಂದು, ವಾಪಸ್ ಹೋಗೋಕೆ ಹಡಗು ಸಿಗದೆ ಬೀದಿಯಲ್ಲಿ ಚಳಿಗೆ ಸಾಯುತ್ತಿದ್ದ ಲಸ್ಕರ್ ನಾವಿಕರು ಇದ್ದರು. ಮೇಮ್‌ಸಾಹೇಬರ ಮಕ್ಕಳನ್ನ ಎತ್ತಿಕೊಂಡು ಬಂದು ಕೈಬಿಡಲ್ಪಟ್ಟ ಆಯಾಗಳು ಇದ್ದರು. ನಗರದ ಪೂರ್ವಕ್ಕೆ ಇವರು. ಪಶ್ಚಿಮದ ಪೋರ್ಟ್‌ಮನ್ ಸ್ಕ್ವೇರ್ ಸುತ್ತ ಇನ್ನೊಂದು ತರದ ಹಿಂದೂಸ್ತಾನಿಗಳು. ಅಂದರೆ ಹಿಂದೂಸ್ತಾನದಲ್ಲಿ ದುಡ್ಡು ಬಾಚಿ ಬಂದ ಬಿಳಿಯರು. ಊರಿನವರು ಅವರನ್ನ ನಬಾಬ್ ಅಂತ ಗೇಲಿ ಮಾಡ್ತಿದ್ದರು. ಶ್ರೀರಂಗಪಟ್ಟಣದಿಂದ ಲೂಟಿ ಹೋದ ಟಿಪ್ಪುವಿನ ಮರದ ಹುಲಿಯನ್ನ ಕಂಪನಿಯ ಲೆಡನ್‌ಹಾಲ್ ಸ್ಟ್ರೀಟ್ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟದ್ದು 1808ರಲ್ಲಿ. ನಮ್ಮ ನೆಲದ ಸೋಲು ಅಲ್ಲಿ ಜನ ಸಾಲುಗಟ್ಟಿ ನೋಡುವ ಆಟಿಕೆ ಆಗಿತ್ತು. ದೀನನ ಅಂಗಡಿಗೆ ಗಿರಾಕಿಗಳು ಬರಬೇಕಾಗಿದ್ದು ಇದೇ ಲಂಡನ್ನಿನಿಂದ.

ಮೊದಲು ಆತ ಬೇಸಿಲ್ ಕಾಕ್ರೇನ್ ಬಳಿ ಕೆಲಸಕ್ಕೆ ಸೇರಿದ. ಮದ್ರಾಸಿನಲ್ಲಿ ನೌಕಾಪಡೆಗೆ ದಿನಸಿ ಪೂರೈಸುವ ಗುತ್ತಿಗೆಯಿಂದ ಕೊಬ್ಬಿದ ಸ್ಕಾಟಿಷ್ ನಬಾಬ್. ಪೋರ್ಟ್‌ಮನ್ ಸ್ಕ್ವೇರಿನ ತನ್ನ ದೊಡ್ಡ ಮನೆಯಲ್ಲಿ ಹಬೆಸ್ನಾನದ ವ್ಯವಸ್ಥೆ ಮಾಡಿದ್ದ. ಅದಕ್ಕೆ ಮಾಲೀಶು ಸೇರಿಸಿದ್ದು ದೀನ್. ಹೆಸರು ಧಣಿಯದ್ದು, ಕೈ ಈತನದ್ದು.

1810ರಲ್ಲಿ ಆತ ಆ ಮನೆಯ ಹತ್ತಿರದಲ್ಲೇ, 34 ಜಾರ್ಜ್ ಸ್ಟ್ರೀಟಿನಲ್ಲಿ, ಸ್ವಂತ ಅಂಗಡಿ ತೆರೆದ. ಹಿಂದೂಸ್ತಾನಿ ಕಾಫಿ ಹೌಸ್. ಹೆಸರಿಗೆ ಕಾಫಿ, ಮುಖ್ಯವಾಗಿ ಊಟ. ಲಂಡನ್ನಿನಲ್ಲಿ ಕರಿ ಸಿಗುವುದು ಹೊಸದಾಗಿರಲಿಲ್ಲ, ಹೇಮಾರ್ಕೆಟಿನ ಒಂದು ಕಾಫಿ ಹೌಸು 1773ರಲ್ಲೇ ಕರಿ ಬಡಿಸುತ್ತಿತ್ತು. ಆದರೆ ಭಾರತೀಯನೊಬ್ಬ ನಡೆಸಿದ, ಪೂರ್ತಿ ಭಾರತೀಯ ಊಟದ ಹೋಟೆಲ್ ಇದೇ ಮೊದಲು. ಬೆತ್ತದ ಸೋಫಾ, ಗೋಡೆ ತುಂಬ ಹಿಂದೂಸ್ತಾನದ ದೃಶ್ಯಗಳು, ಹುಕ್ಕಾ ಸೇದಲು ಪ್ರತ್ಯೇಕ ಕೋಣೆ. ಪಟ್ಟಿಯಲ್ಲಿ ಅನಾನಸ್ ಪುಲಾವ್, ಸಿಗಡಿಯ ದೊಡ್ಡಣ್ಣ ಲಾಬ್‌ಸ್ಟರ್ ಕರಿ. 1811ರ ಮಾರ್ಚ್ 27ರ ಟೈಮ್ಸ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಇಂಗ್ಲೆಂಡಿನಲ್ಲಿ ಇಂಥ ಕರಿಯನ್ನ ಯಾರೂ ಮಾಡಿಲ್ಲ ಅನ್ನುವುದು ಅದರ ಸಾರ.

ಅದರಲ್ಲಿ ಭಾರತೀಯ ಮಹನೀಯರಿಗಾಗಿ ಅಂತ ಹೇಳಿದ್ದು ಯಾರನ್ನ ಗೊತ್ತಾ? ಭಾರತದಿಂದ ವಾಪಸಾದ ಬಿಳಿಯರನ್ನ. ನಮ್ಮ ಉಡುಪಿ ಹೋಟೆಲಿನವರು ಮುಂಬೈಗೆ ಹೋಗಿ ಊರಿನ ರುಚಿ ಬೇಕೆನ್ನುವ ತಮ್ಮಂಥ ವಲಸಿಗರಿಗೆ ಊಟ ಹಾಕಿದರು. ದೀನ್ ಊಟ ಹಾಕಲು ಹೊರಟದ್ದು ಗೆದ್ದ ದೇಶದ ರುಚಿ ನೆನಪಾಗಿ ಬಾಯಲ್ಲಿ ನೀರೂರುತ್ತಿದ್ದ ಸಾಹೇಬರಿಗೆ. ಪೂರ್ವ ಲಂಡನ್ನಿನ ಲಸ್ಕರ್‌ಗೆ ಆ ಬಾಗಿಲು ತೆರೆದಿರಲಿಕ್ಕಿಲ್ಲ. ತೆರೆದಿದ್ದರೂ ಕಿಸೆಯಲ್ಲಿ ಕಾಸು ಇರುತ್ತಿರಲಿಲ್ಲ.

ಅಂಗಡಿ ಎರಡು ವರ್ಷ ಸರಿಯಾಗಿ ಬಾಳಲಿಲ್ಲ. 1812ರಲ್ಲಿ ದೀನ್ ದಿವಾಳಿ ಅರ್ಜಿ ಹಾಕಿದ.

ಯಾಕೆ ಮುಳುಗಿತು ಅಂತ ನಾನು ತುಂಬಾ ಯೋಚನೆ ಮಾಡಿದೀನಿ. ಸೋಫಾ, ಚಿತ್ರ, ಹುಕ್ಕಾ ಅಂತ ಶುರುವಿನಲ್ಲೇ ದುಡ್ಡು ಸುರಿದ. ಅಂಗಡಿಯಿದ್ದದ್ದು ಶ್ರೀಮಂತರ ಬಡಾವಣೆಯಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ಗಿರಾಕಿಗಳ ಲೆಕ್ಕ ತಪ್ಪಿತು. ನಬಾಬರ ಮನೆಯಲ್ಲಿ ಅಡುಗೆಯವರಿಗೆ ಬರವಿರಲಿಲ್ಲ. ಹಿಂದೂಸ್ತಾನದಿಂದಲೇ ಬಾಣಸಿಗರನ್ನ ಕರೆತಂದವರು ಕರಿಗೋಸ್ಕರ ಬೀದಿ ದಾಟಿ ಬರಬೇಕಾ? ಮಾಮೂಲಿ ಇಂಗ್ಲಿಷರಿಗೆ ಅದರ ರುಚಿ ಇನ್ನೂ ಹತ್ತಿರಲಿಲ್ಲ. ನೆಪೋಲಿಯನ್ ಜೊತೆಗಿನ ಯುದ್ಧದ ದುಬಾರಿ ದಿನಗಳು ಬೇರೆ. ವ್ಯಂಗ್ಯ ನೋಡಿ, ಕಾಫಿ ಹೌಸ್ ಅಲ್ಲಿಗೇ ಮುಚ್ಚಲಿಲ್ಲ. ಬೇರೆಯವರ ಕೈಗೆ ಹೋಗಿ ಅದೇ ಹೆಸರಲ್ಲಿ ವರ್ಷಗಟ್ಟಲೆ ನಡೆಯಿತು. 1815ರ ಲಂಡನ್ ಊಟದ ಕೈಪಿಡಿಯೊಂದು ಅದನ್ನ ಹೊಗಳಿ ಬರೆದಾಗ ದೀನ್ ಅಲ್ಲಿರಲೇ ಇಲ್ಲ. ಐಡಿಯಾ ಸರಿಯಿತ್ತು, ಕಾಯುವ ಶಕ್ತಿಗೆ ಬೇಕಾದ ಬಂಡವಾಳ ಇರಲಿಲ್ಲ. ಕಷ್ಟಕ್ಕೆ ಕೈಸಾಲ ಕೊಡುವ ಮಾವ ಚಿಕ್ಕಪ್ಪಂದಿರು ಪರದೇಶಿಗೆ ಎಲ್ಲಿಂದ ಬರಬೇಕು?

1813ರಲ್ಲಿ ಟೈಮ್ಸ್ ಪತ್ರಿಕೆಯಲ್ಲಿ ಮತ್ತೆ ಆತನ ಜಾಹೀರಾತು ಬಂತು. ಈ ಸಲ ಕೆಲಸ ಹುಡುಕಿಕೊಂಡು. ದೊಡ್ಡ ಮನೆಯಲ್ಲಿ ಬಟ್ಲರ್ ಕೆಲಸವಾದರೂ ಸರಿ ಅಂತ. 54 ವರ್ಷದ ಲೇಖಕ, ಮಾಜಿ ಸುಬೇದಾರ, ಮಾಜಿ ಹೋಟೆಲ್ ಮಾಲೀಕ. ಎರಡು ವರ್ಷದ ಹಿಂದೆ ಅದೇ ಪತ್ರಿಕೆಯಲ್ಲಿ ಮಹನೀಯರನ್ನ ಊಟಕ್ಕೆ ಕರೆದಿದ್ದವನು.

ಬ್ರೈಟನ್

1814ರಲ್ಲಿ ದೀನ್ ಮತ್ತು ಜೇನ್ ದಕ್ಷಿಣ ಕರಾವಳಿಯ ಬ್ರೈಟನ್ನಿಗೆ ಬಂದರು. ಈ ಊರಿನ ಆಯ್ಕೆ ಆತನ ಬದುಕಿನ ಅತ್ಯಂತ ಜಾಣ ನಿರ್ಧಾರ ಅನ್ನಿಸುತ್ತೆ. ಅದು ಮೊದಲು ಮೀನುಗಾರರ ಹಳ್ಳಿ. ಹದಿನೆಂಟನೇ ಶತಮಾನದ ನಡುವೆ ರಿಚರ್ಡ್ ರಸೆಲ್ ಅನ್ನೋ ವೈದ್ಯ ಸಮುದ್ರದ ನೀರೇ ಔಷಧಿ ಅಂತ ಬರೆದು, ಕಾಯಿಲೆಯ ಶ್ರೀಮಂತರು ಅಲ್ಲಿಗೆ ಬರತೊಡಗಿದರು. 1783ರಲ್ಲಿ ಯುವರಾಜ ಜಾರ್ಜ್ ಬಂದ, ಊರಿಗೆ ಶೋಕಿ ಬಂತು. 1815ರಿಂದ ವಾಸ್ತುಶಿಲ್ಪಿ ಜಾನ್ ನ್ಯಾಶ್ ಅಲ್ಲಿನ ರಾಯಲ್ ಪೆವಿಲಿಯನ್ ಅರಮನೆಯನ್ನ ಗುಮ್ಮಟ, ಮಿನಾರುಗಳೊಂದಿಗೆ ಮೊಗಲರ ಧಾಟಿಯಲ್ಲಿ ಮತ್ತೆ ಕಟ್ಟಿಸಿದ. ನ್ಯಾಶ್ ಹಿಂದೂಸ್ತಾನಕ್ಕೆ ಕಾಲಿಟ್ಟವನೇ ಅಲ್ಲ. ಹಿಂದೂಸ್ತಾನ ಫ್ಯಾಶನ್ ಆಗಿರುವ, ಕಾಯಿಲೆ ಬಿದ್ದ ದುಡ್ಡಸ್ತರಿರುವ ಊರು. ಇನ್ನೇನು ಬೇಕು?

ಆದರೂ ದಾರಿ ಸಲೀಸಾಗಿರಲಿಲ್ಲ. ಮೊದಲು ಹಲ್ಲುಪುಡಿ, ಕೂದಲಿಗೆ ಬಣ್ಣ ಅಂತ ಚಿಲ್ಲರೆ ಸಾಮಾನು ಮಾರಿದ. ಡೆವನ್‌ಶೈರ್ ಪ್ಲೇಸಿನ ಸ್ನಾನಗೃಹದಲ್ಲಿ ದುಡಿದ. ಹಬೆ ಮತ್ತು ಮಾಲೀಶು ಸೇರಿಸಿದ ಚಿಕಿತ್ಸೆ ಶುರು ಮಾಡಿದಾಗ ಊರಿನ ವೈದ್ಯರು ಮೂಗು ಮುರಿದರು, ಇದು ಹಿಂದೂ ಮಾಯಗಾರನ ಕಣ್ಕಟ್ಟು ಅಂದರು. ಮಹಮ್ಮದ್ ಅನ್ನೋ ಹೆಸರಿನವನನ್ನ ಹಿಂದೂ ಅಂತ ಬೈದಿದ್ದಾರೆ ಅನ್ನೋದನ್ನ ಗಮನಿಸಿ. ಪರದೇಶದಲ್ಲಿ ಬೈಗುಳಕ್ಕೆ ನಮ್ಮ ಒಳಗಿನ ಗಡಿಗಳು ಕಾಣಿಸುವುದಿಲ್ಲ.

ಚಿಕಿತ್ಸೆ ಹೇಗಿತ್ತು ಅಂದರೆ, ರೋಗಿಯನ್ನ ಫ್ಲಾನೆಲ್ ಬಟ್ಟೆಯ ಡೇರೆಯೊಳಗೆ ಕೂರಿಸಿ ಗಿಡಮೂಲಿಕೆ ಹಾಕಿದ ಹಬೆ ಬಿಡುತ್ತಿದ್ದರು. ಡೇರೆಗೆ ತೋಳುಚೀಲಗಳು. ಹೊರಗಿನಿಂದ ಅದರೊಳಗೆ ಕೈ ತೂರಿಸಿ ಬೆವರಿದ ಮೈಯನ್ನ ಒತ್ತಿ, ಹಿಸುಕಿ, ತಿಕ್ಕುವುದು. ಕೀಲುನೋವು, ವಾತ, ಸೆಟೆದ ಕಾಲು ಇರುವವರಿಗೆ ಇದರಿಂದ ಆರಾಮ ಆಗದೇ ಇರುತ್ತದಾ? ಬಾಣಂತಿಗೆ ಎಣ್ಣೆ ನೀರು ಹಾಕುವ ನಮ್ಮ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಆಸ್ತಮಾದಿಂದ ಪಾರ್ಶ್ವವಾಯುವಿನವರೆಗೆ ಎಲ್ಲಕ್ಕೂ ಮದ್ದು ಅಂತ ಆತ ಹೇಳಿಕೊಂಡದ್ದು ಮಾತ್ರ ಅತಿಯಾಯ್ತು.

1820ರಲ್ಲಿ ವಾಸಿಯಾದವರ ಪ್ರಕರಣಗಳ ಪುಸ್ತಕ, 1822ರಲ್ಲಿ ಶಾಂಪೂಯಿಂಗ್ ಹೆಸರಿನ ಇನ್ನೊಂದು ಪುಸ್ತಕ. ಅದು ಮೂರು ಮುದ್ರಣ ಕಂಡಿತು. 1821ರಲ್ಲಿ ಸಮುದ್ರದೆದುರೇ ಮಹಮ್ಮದ್ಸ್ ಬಾತ್ಸ್ ಅನ್ನೋ ಭಾರೀ ಕಟ್ಟಡ ತೆರೆಯಿತು. ಗಂಡಸರಿಗೊಂದು, ಹೆಂಗಸರಿಗೊಂದು ವಿಭಾಗ, ಓದುವ ಕೋಣೆಗಳು. ವಾಸಿಯಾಗಿ ಹೋದವರು ಬಿಟ್ಟುಹೋದ ಊರುಗೋಲುಗಳನ್ನ ಗೋಡೆಗೆ ನೇತುಹಾಕಿದ್ದರು. ನಮ್ಮ ದರ್ಗಾ, ದೇವಸ್ಥಾನಗಳಲ್ಲಿ ಹರಕೆ ತೀರಿಸಿದವರು ಕಟ್ಟುವ ಬೆಳ್ಳಿ ಕೈಕಾಲುಗಳ ಹಾಗೆ. ಹೆಂಗಸರ ವಿಭಾಗವನ್ನ ನೋಡಿಕೊಂಡವಳು ಜೇನ್. ಮಾಲೀಶು ಕಲಿತು ತಾನೇ ದುಡಿದ ಈಕೆಯನ್ನ ಹೆಚ್ಚಿನವರು ಒಂದು ಸಾಲಲ್ಲಿ ಮುಗಿಸುತ್ತಾರೆ. ಬಹುಶಃ ಅರ್ಧ ವ್ಯಾಪಾರ ಆಕೆಯದ್ದೇ. ನನ್ನ ಬಳಿಯೂ ಆಕೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದು ಬೇಜಾರಿನ ಸಂಗತಿ.

ಬಾಗಿಲು ತೆರೆದಾಗ ದೀನನಿಗೆ 62 ವರ್ಷ. ನಾಲ್ಕನೇ ಜಾರ್ಜ್ ಆತನನ್ನ ತನ್ನ ಶಾಂಪೂಯಿಂಗ್ ಸರ್ಜನ್ ಆಗಿ ನೇಮಿಸಿಕೊಂಡ. ಮುಂದಿನ ರಾಜ ನಾಲ್ಕನೇ ವಿಲಿಯಂ ಕೂಡ ಅದನ್ನೇ ಮುಂದುವರಿಸಿದ. ಮೊಗಲ್ ದರ್ಬಾರಿನ ಧಾಟಿಯಲ್ಲಿ ಹೊಲಿಸಿದ ಉಡುಪು ತೊಟ್ಟು ಅರಮನೆಗೆ ಹೋಗುತ್ತಿದ್ದ. ಆ ಉಡುಪು ಈಗಲೂ ಬ್ರೈಟನ್ ಮ್ಯೂಸಿಯಂನಲ್ಲಿದೆ.

ಹೆಸರು ಮತ್ತು ಸುಳ್ಳು

ಗೆದ್ದವನ ಸುಳ್ಳುಗಳ ಲೆಕ್ಕವನ್ನೂ ಹಾಕಬೇಕಲ್ಲ. 1794ರ ಪುಸ್ತಕದಲ್ಲಿ ಸೈನ್ಯದ ಬಜಾರು ನೋಡಿಕೊಂಡ ಸುಬೇದಾರ, 1822ರ ಪುಸ್ತಕದಲ್ಲಿ ವೈದ್ಯವಿದ್ಯೆ ಕಲಿತ ಸರ್ಜನ್ ಆಗಿಬಿಟ್ಟ. ಓದಿಗೆ ವರ್ಷಗಳು ಸಾಲದೇ ಬಂದಾಗ ಹುಟ್ಟಿದ ವರ್ಷವನ್ನೇ ಹತ್ತು ವರ್ಷ ಹಿಂದಕ್ಕೆ, 1749ಕ್ಕೆ ತಳ್ಳಿದ. ಇವತ್ತಿನ ಸ್ಟಾರ್ಟಪ್ ಸಂಸ್ಥಾಪಕರ ಪ್ರೊಫೈಲುಗಳನ್ನ ನೋಡುವ ಅಭ್ಯಾಸ ಇರುವವರಿಗೆ ಇದರಲ್ಲಿ ಆಶ್ಚರ್ಯ ಆಗಲಿಕ್ಕಿಲ್ಲ.

ನಾನು ಈ ಸುಳ್ಳನ್ನ ಸಮರ್ಥಿಸುತ್ತಿಲ್ಲ. ಕಾಯಿಲೆಯವರ ಮುಂದೆ ವೈದ್ಯ ಅಂತ ಸುಳ್ಳು ಹೇಳೋದು ಸಣ್ಣ ತಪ್ಪಲ್ಲ. ಆದರೆ ಆ ಸುಳ್ಳಿನ ಬೇಡಿಕೆ ಎಲ್ಲಿಂದ ಬಂತು ಅಂತಲೂ ಕೇಳಬೇಕಾಗುತ್ತೆ. ಐರ್ಲೆಂಡಿನಲ್ಲಿ 23 ವರ್ಷ ಬದುಕಿದ, ಇಂಗ್ಲಿಷಿನಲ್ಲಿ ಬರೆದ, ಚರ್ಚಿಗೆ ಹೋಗುತ್ತಿದ್ದ ಮನುಷ್ಯ ಆತ. ಆ ನಿಜವಾದ ದೀನನನ್ನ ಕೊಳ್ಳುವವರು ಯಾರೂ ಇರಲಿಲ್ಲ. ಮಾರಾಟವಾಗುತ್ತಿದ್ದದ್ದು ನಿಗೂಢ ಪೂರ್ವದೇಶದ ಗುಟ್ಟು ಬಲ್ಲವನು ಮಾತ್ರ. ಯುರೋಪಿನಲ್ಲಿ ಯೋಗ, ಆಯುರ್ವೇದದ ಅಂಗಡಿ ಇಟ್ಟವರನ್ನ ಕೇಳಿ ನೋಡಿ. ಎಂಜಿನಿಯರಿಂಗ್ ಓದಿದವರೂ ಕುರ್ತಾ ಹಾಕ್ಕೊಂಡು ಕೂರಬೇಕಾಗುತ್ತೆ.

ಇನ್ನು ಹೆಸರು. ಕ್ರೈಸ್ತನಾದ ಮೇಲೂ ಬೋರ್ಡಿನ ಮೇಲೆ ಮಹಮ್ಮದ್ ಅಂತಲೇ ಬರೆಸಿದ, ಸಮುದ್ರದ ಕಡೆಯಿಂದ ಬರುವವರಿಗೂ ಕಾಣುವಂತೆ. ಅದು ಬ್ರಾಂಡ್ ಹೌದು. ಆದರೆ ಆ ಹೆಸರಿದ್ದೂ ಗಿರಾಕಿ ಬಂದರು ಅನ್ನೋದು ನನ್ನನ್ನ ಕಾಡುತ್ತೆ. 2022ರಲ್ಲಿ ನಮ್ಮ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಇಲ್ಲ ಅಂತ ಬ್ಯಾನರ್ ಕಟ್ಟಿದ್ದನ್ನ ನೋಡಿದವರು ನಾವು. 2024ರಲ್ಲಿ ಕಾಂವಡ್ ಯಾತ್ರೆಯ ದಾರಿಯಲ್ಲಿ ಅಂಗಡಿಯವರೆಲ್ಲ ಮಾಲೀಕರ ಹೆಸರು ತೂಗುಹಾಕಬೇಕು ಅಂತ ಉತ್ತರ ಪ್ರದೇಶದಲ್ಲಿ ಆದೇಶ ಬಂದು, ಸುಪ್ರೀಂ ಕೋರ್ಟು ತಡೆಯಬೇಕಾಯಿತು. ಹಾಗಂತ 1821ರ ಬ್ರೈಟನ್ ಸ್ವರ್ಗವಾಗಿತ್ತು ಅಂತಲ್ಲ. ಆ ಊರಿನ ಶ್ರೀಮಂತಿಕೆಗೆ ಹಿಂದೂಸ್ತಾನದ ಲೂಟಿ ಮತ್ತು ವೆಸ್ಟ್ ಇಂಡೀಸಿನ ಗುಲಾಮರ ಬೆವರು ಸೇರಿತ್ತು. ಒಬ್ಬನೇ ಒಬ್ಬ ಮಹಮ್ಮದನಿದ್ದರೆ ಅದು ವಿಚಿತ್ರ, ಆಕರ್ಷಣೆ. ಸಾವಿರ ಜನ ಬಂದಿದ್ದರೆ ಅದೇ ಊರು ಏನು ಮಾಡುತ್ತಿತ್ತೋ.

ಕೊನೆಯ ವರ್ಷಗಳು

1837ರಲ್ಲಿ ವಿಕ್ಟೋರಿಯಾ ರಾಣಿಯಾದಳು. ಆಕೆಗೆ ಬ್ರೈಟನ್ ಹಿಡಿಸಲಿಲ್ಲ, ಅರಮನೆಯ ನೇಮಕಾತಿ ಮುಂದುವರಿಯಲಿಲ್ಲ. 1841ರಲ್ಲಿ ಲಂಡನ್ನಿನಿಂದ ರೈಲು ಬಂತು. ಬೆಳಿಗ್ಗೆ ಬಂದು ಸಂಜೆ ಹೋಗುವ ಮಾಮೂಲಿ ಜನ ಊರು ತುಂಬಿದರು, ಶ್ರೀಮಂತರು ಜಾಗ ಖಾಲಿ ಮಾಡತೊಡಗಿದರು. ಮಹಮ್ಮದನ ವಿಧಾನವನ್ನೇ ನಕಲು ಮಾಡಿದ ಸ್ನಾನಗೃಹಗಳೂ ಹುಟ್ಟಿಕೊಂಡಿದ್ದವು.

ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಬೋರ್ಡಿನ ಮೇಲೆ ಹೆಸರು ಮಹಮ್ಮದನದ್ದು, ಕಟ್ಟಡ ಆತನದ್ದಲ್ಲ. ದುಡ್ಡು ಹಾಕಿದ್ದ ಪಾಲುದಾರ ತೀರಿಕೊಂಡಾಗ ಅದು ಹರಾಜಿಗೆ ಬಂತು. ಇಪ್ಪತ್ತು ವರ್ಷ ಕಟ್ಟಿ ಬೆಳೆಸಿದ ಅಂಗಡಿಯನ್ನ ಕೊಳ್ಳುವಷ್ಟು ದುಡ್ಡು ಆತನಲ್ಲಿರಲಿಲ್ಲ. ಎಂಬತ್ತು ದಾಟಿದ ಮುದುಕ ಹೆಂಡತಿ ಮಕ್ಕಳೊಂದಿಗೆ ಚಿಕ್ಕ ಜಾಗಕ್ಕೆ ಹೋಗಿ ಅಲ್ಲೇ ಕಸುಬು ಮುಂದುವರಿಸಿದ. ಕಾಕ್ರೇನ್ ಮನೆಯಲ್ಲಿ ಹೆಸರು ಇನ್ನೊಬ್ಬನದು, ದುಡಿಮೆ ಈತನದು. ಇಲ್ಲಿ ಹೆಸರೂ ದುಡಿಮೆಯೂ ಈತನದೇ, ನೆಲ ಮಾತ್ರ ಇನ್ನೊಬ್ಬನದು.

1850ರಲ್ಲಿ ಅರಮನೆಯನ್ನೇ ವಿಕ್ಟೋರಿಯಾ ಊರಿನವರಿಗೆ ಮಾರಿದಳು. ಅದೇ ವರ್ಷದ ಕೊನೆಗೆ ಜೇನ್ ತೀರಿಕೊಂಡಳು. ಎರಡು ತಿಂಗಳ ನಂತರ, 1851ರ ಫೆಬ್ರವರಿ 24ರಂದು, ದೀನ್. ಮೇ 1ಕ್ಕೆ ಲಂಡನ್ನಿನ ಗಾಜಿನ ಅರಮನೆಯಲ್ಲಿ ಮಹಾ ವಸ್ತುಪ್ರದರ್ಶನ ತೆರೆದು, ಕಂಪನಿಯವರು ತಮ್ಮ ಹಿಂದೂಸ್ತಾನವನ್ನ ಅಲ್ಲಿ ಅಂದವಾಗಿ ಜೋಡಿಸಿಟ್ಟರು. ಆ ಹೊತ್ತಿಗೆ ಈತನನ್ನ ಜನ ಹೆಚ್ಚುಕಡಿಮೆ ಮರೆತಿದ್ದರು.

ಮೊಮ್ಮಗನೊಬ್ಬನ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತೆ. ಫ್ರೆಡರಿಕ್ ಅಕ್ಬರ್ ಮಹಮ್ಮದ್, ಹುಟ್ಟಿದ್ದು 1849ರಲ್ಲಿ, ಬ್ರೈಟನ್ನಿನಲ್ಲಿ. ಆತ ನಿಜವಾಗಿಯೂ ವೈದ್ಯನಾದ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ದುಡಿದು, ನಾಡಿಯ ಮಿಡಿತವನ್ನ ಗೆರೆಯಾಗಿ ಬರೆಯುವ ಯಂತ್ರವನ್ನ ಸುಧಾರಿಸಿ, ಮೂತ್ರಪಿಂಡ ಕೆಡುವ ಮೊದಲೇ ರಕ್ತದೊತ್ತಡ ಏರಿರಬಹುದು ಅಂತ ತೋರಿಸಿದ. ಇವತ್ತು ನಮ್ಮ ಮನೆಮನೆಯಲ್ಲಿರುವ ಬಿಪಿ ಕಾಯಿಲೆಯನ್ನ ಅರ್ಥ ಮಾಡಿಕೊಂಡ ಮೊದಲಿಗರಲ್ಲಿ ಆತನೊಬ್ಬ. 35ನೇ ವಯಸ್ಸಿಗೆ ಟೈಫಾಯ್ಡಿನಿಂದ ಸತ್ತ. ಅಜ್ಜ ಸುಳ್ಳು ಹೇಳಿ ಇಟ್ಟುಕೊಂಡಿದ್ದ ಪದವಿಯನ್ನ ಮೊಮ್ಮಗ ಓದಿ ಸಂಪಾದಿಸಿದ್ದ, ಅದೇ ಹೆಸರಿನಲ್ಲಿ.

ಸ್ನಾನಗೃಹ ಇದ್ದ ಜಾಗದಲ್ಲಿ ಈಗ ಕ್ವೀನ್ಸ್ ಹೋಟೆಲ್ ಇದೆ. ಕಾಫಿ ಹೌಸ್ ಇದ್ದ ಜಾರ್ಜ್ ಸ್ಟ್ರೀಟಿನಲ್ಲಿ 2005ರಲ್ಲಿ ವೆಸ್ಟ್‌ಮಿನ್‌ಸ್ಟರ್ ಆಡಳಿತ ಒಂದು ಹಸಿರು ಫಲಕ ಹಾಕಿದೆ. ಸಮಾಧಿ ಬ್ರೈಟನ್ನಿನ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲಿದೆ. ಸತ್ತಾಗ ಆತನಿಗೆ 92 ಮೀರಿರಲಿಲ್ಲ. ಕಲ್ಲಿನ ಮೇಲೆ ಮಾತ್ರ 101 ಅಂತ ಕೆತ್ತಿದ್ದಾರೆ.